ಮಾತಾಡುವ ಕೋಣೆ

ನಮ್ಮೂರಿನ ಗ್ರಂಥಾಲಯದ ಸೀಲಿಂಗಿನಿಂದ ಅಂಗೈಯಗಲದ ಗಾರೆಯ ತುಂಡೊಂದು ದಿನಪತ್ರಿಕೆಗಳ ಮೇಜಿನ ಮೇಲೆ ಬಿದ್ದದ್ದು ಒಂದು ಸೋಮವಾರ ಬೆಳಿಗ್ಗೆ, ಇನ್ನೂ ಓದುಗರು ಬರುವ ಮೊದಲು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದು ಸಂಜೆಯೇ ಬಾಗಿಲಿಗೆ ಬೀಗ ಬಿತ್ತು. ಪುಸ್ತಕಗಳನ್ನು ಗೋಣಿಚೀಲಗಳಲ್ಲಿ ತುಂಬಿ ಪಕ್ಕದ ಮದುವೆ ಮಂಟಪದ ಉಗ್ರಾಣಕ್ಕೆ ಸಾಗಿಸಿದರು. ಹೀಗೆ ಮುಚ್ಚಿದ ಗ್ರಂಥಾಲಯ ಮತ್ತೆ ತೆರೆಯಲು ಒಂದೂವರೆ ವರ್ಷ ಹಿಡಿಯಿತು.

ಕೊಯಮತ್ತೂರಿನ ಪಕ್ಕದ ಸೂಲೂರಿನಿಂದ ಪೂರ್ವಕ್ಕೆ, ನೂಲಿನ ಗಿರಣಿಗಳ ಸಾಲು ಮುಗಿದು ತೆಂಗಿನ ತೋಟಗಳು ಶುರುವಾಗುವಲ್ಲಿ ನಮ್ಮೂರು. ನಮ್ಮದು ತಲೆಮಾರುಗಳಿಂದ ಇಲ್ಲೇ ಇರುವ ಕನ್ನಡದ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಮ್ಮ ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದವಳಾದ್ದರಿಂದ ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಸ್ಲೇಟಿನ ಮೇಲೆ ಕನ್ನಡ ಅಕ್ಷರ ತಿದ್ದಿಸಿದ್ದಳು. ನಮ್ಮ ಬೀದಿಯಲ್ಲಿ ಕನ್ನಡ ಆಡುವ ಮನೆಗಳು ಬೇಕಾದಷ್ಟಿದ್ದವು. ಓದಬಲ್ಲವಳು ಈಗ ನಾನೊಬ್ಬಳೇ. ಗಿರಣಿಯೊಂದರ ಕಟ್ಟಡ ವಿಭಾಗದಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತಳಾಗಿದ್ದೆ. ನನ್ನ ಬೆಳಗಿನ ಹೊತ್ತು ಕಳೆಯುತ್ತಿದ್ದದ್ದು ಆ ಗ್ರಂಥಾಲಯದಲ್ಲೇ.

ದುರಸ್ತಿಗೆ ಸರ್ಕಾರದ ಒಪ್ಪಿಗೆ ಬಂದ ವಾರ ಗ್ರಂಥಪಾಲಕಿ ನಮ್ಮ ಮನೆಗೆ ಬಂದಳು. ಕಾಂಗೇಯಂ ಕಡೆಯ ಹೆಣ್ಣುಮಗಳು, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ನಮ್ಮಿಬ್ಬರ ಮಾತೆಲ್ಲ ತಮಿಳಿನಲ್ಲಿ. "ಅಕ್ಕಾ, ಒಂದು ನಕ್ಷೆ ಬರೆದುಕೊಡಿ. ಎಂಜಿನಿಯರ್ ಸಹಿ ಹಾಕ್ತಾರೆ. ಆದರೆ ಬರೆಯೋ ಮೊದಲು ಊರವರನ್ನ ಕೇಳೋಣ" ಎಂದಳು.

"ಏನಂತ ಕೇಳೋದು?"

"ನಿಮಗೆ ಎಂಥ ಲೈಬ್ರರಿ ಬೇಕು ಅಂತ."

ನನಗೆ ನಗು ಬಂತು. ಗ್ರಂಥಾಲಯ ಅಂದರೆ ಹೇಗಿರಬೇಕೆಂದು ನನಗೆ ಗೊತ್ತಿತ್ತು. ಬೆಳಕು, ಗಾಳಿ, ಗಾಜಿನ ಬಾಗಿಲಿನ ಬೀರುಗಳು, ಮೌನ. ಇದರಲ್ಲಿ ಕೇಳುವುದೇನಿದೆ? ಆದರೂ ಅವಳ ಮಾತಿಗೆ ಇಲ್ಲವೆನ್ನಲಾಗಲಿಲ್ಲ. ಒಂದು ದಪ್ಪ ನೋಟ್‌ಬುಕ್ ಹಿಡಿದು ಇಬ್ಬರೂ ಸಂಜೆಗಳಲ್ಲಿ ಊರು ಸುತ್ತಿದೆವು. ಗಿರಣಿಯ ಪಾಳಿ ಬಿಡುವ ಹೊತ್ತಿಗೆ ಗೇಟಿನ ಬಳಿ, ಹಾಲು ಹಾಕುವ ಹೊತ್ತಿಗೆ ಸೊಸೈಟಿಯ ಬಳಿ, ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ನಿಂತೆವು.

ಜನ ಕೇಳಿದ್ದು ಪುಸ್ತಕಗಳನ್ನಲ್ಲ, ಅಥವಾ ಪುಸ್ತಕಗಳನ್ನಷ್ಟೇ ಅಲ್ಲ. ಗಿರಣಿಯ ಹೆಂಗಸರಿಗೆ ಸಂಜೆ ಏಳೂವರೆಯವರೆಗೆ ಬಾಗಿಲು ತೆರೆದಿರಬೇಕಿತ್ತು. ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯರಿಗೆ ಪ್ಲಗ್ ಪಾಯಿಂಟ್, ಬೀಗ ಹಾಕಬಹುದಾದ ಶೌಚಾಲಯ. ಮೂವತ್ತು ವರ್ಷದಿಂದ ಅಲ್ಲಿಗೆ ಹೋಗುತ್ತಿದ್ದ ನನಗೆ, ಅಲ್ಲಿ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲವೆಂಬುದು ಆವರೆಗೆ ಒಂದು ಕೊರತೆಯಾಗಿ ಕಂಡೇ ಇರಲಿಲ್ಲ. ಮನೆ ಹತ್ತಿರವಿತ್ತು, ಎದ್ದು ಹೋಗಿಬರುತ್ತಿದ್ದೆ. ಚಹಾದಂಗಡಿಯ ಮುದುಕರೊಬ್ಬರು ಗ್ರಂಥಾಲಯದ ಮುಂದಿನ ಐದು ಮೆಟ್ಟಿಲುಗಳ ಲೆಕ್ಕ ಹೇಳಿದರು. ಮಂಡಿ ನೋವು ಶುರುವಾದ ಮೇಲೆ ಒಳಗೆ ಬಂದಿಲ್ಲವಂತೆ. ಅವರು ಬರುವುದು ನಿಂತದ್ದನ್ನೂ ನಾನು ಗಮನಿಸಿರಲಿಲ್ಲ.

ಹಾಲಿನ ಸೊಸೈಟಿಯ ಮುಂದೆ ಒಬ್ಬ ಅಜ್ಜಿ ಸಿಕ್ಕಳು. ನಮ್ಮವರೇ, ತೋಟದ ಮನೆಯವರು. ಎರಡು ಕಾಂಗೇಯಂ ತಳಿಯ ಹಸು ಕಟ್ಟಿಕೊಂಡಿದ್ದಳು. ಖಾಲಿ ಕ್ಯಾನನ್ನು ಸೊಂಟಕ್ಕೆ ಆನಿಸಿಕೊಂಡು ನಮ್ಮ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಅಮ್ಮಣಿ, ಓದಕ್ ಬರ್ದಿರೋರ್ಗೆ ಅಲ್ಲಿ ಏನೈತೆ?" ಎಂದಳು.

"ಅದು ಓದೋ ಜಾಗ ಅವ್ವಾ" ಎಂದೆ.

"ಅದು ಸರಿ. ನಮ್ಗೆ ಏನೈತೆ ಅಂದೆ."

ನಾನು ನಕ್ಕು ಮುಂದೆ ಹೊರಟೆ. ಗ್ರಂಥಪಾಲಕಿ ನಿಂತು, "ಅಜ್ಜಿ ಏನು ಹೇಳಿದ್ರು ಅಕ್ಕಾ?" ಎಂದು ಕೇಳಿ, ನಾನು ತಮಿಳಿನಲ್ಲಿ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಒಂದಕ್ಷರ ಬಿಡದೆ ಬರೆದುಕೊಂಡಳು. ಆ ಸಂಜೆ ಅದನ್ನು ನನಗೆ ಓದಿ ತೋರಿಸಿ, "ಇದಕ್ಕೆ ನಮ್ಮ ಹತ್ತಿರ ಉತ್ತರ ಇಲ್ವಲ್ಲ" ಎಂದಳು.

ಆಮೇಲೆ ಪಂಚಾಯತಿ ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಸಭೆ ಸೇರಿತು. ಅಲ್ಲಿ ಆ ಅಜ್ಜಿಯ ಪ್ರಶ್ನೆಯನ್ನೇ ಹಿಡಿದುಕೊಂಡು ಗ್ರಂಥಪಾಲಕಿ ಒಂದು ಸಲಹೆ ಇಟ್ಟಳು. ಗ್ರಂಥಾಲಯದಲ್ಲಿ ಒಂದು ಕೋಣೆಯಲ್ಲಿ ಮಾತಾಡಬಹುದು, ಮಕ್ಕಳು ಗಟ್ಟಿಯಾಗಿ ಓದಬಹುದು, ಓದು ಬಾರದವರಿಗೆ ಯಾರಾದರೂ ಓದಿ ಹೇಳಬಹುದು. ಪರೀಕ್ಷೆಯ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೊಬ್ಬಳು ಎದ್ದು, "ಮನೇಲಿ ಟಿವಿ ಸದ್ದು ಅಂತ ತಾನೆ ನಾವು ಇಲ್ಲಿ ಬರೋದು ಮೇಡಂ?" ಎಂದಳು.

ಅವಳ ಮಾತಿಗೆ ದನಿಗೂಡಿಸಿದವರು ಮಾಮ. ಅಪ್ಪನ ಸ್ನೇಹಿತರು, ನಮ್ಮೂರ ಶಾಲೆಯಲ್ಲಿ ತಮಿಳು ಕಲಿಸಿ ಹೆಡ್ಮಾಸ್ಟರಾಗಿ ನಿವೃತ್ತರಾದವರು, ಊರಿಗೆಲ್ಲ 'ವಾದ್ಯಾರು'. ಮನೆಮಾತು ಕನ್ನಡವಾದರೂ ಕನ್ನಡ ಅಕ್ಷರ ಅವರಿಗೆ ಬಾರದು. ಕಿಟಕಿಯ ಪಕ್ಕದ ಮೇಜಿನಲ್ಲಿ, ನನ್ನ ಎದುರಿನ ಕುರ್ಚಿಯಲ್ಲಿ, ದಿನಾ ಬೆಳಿಗ್ಗೆ ಪತ್ರಿಕೆ ಬಿಡಿಸಿ ಕೂರುತ್ತಿದ್ದರು. ಅಂದು ಎದ್ದು ನಿಂತು ಪಾಠ ಮಾಡುವ ದನಿಯಲ್ಲೇ ಹೇಳಿದರು: "ಸೋರೋದನ್ನ ನಿಲ್ಲಿಸಿ. ಬಣ್ಣ ಹೊಡೀರಿ. ಬೇರೆ ಏನನ್ನೂ ಬದಲಾಯಿಸಬೇಡಿ. ಮೇಜು, ಕುರ್ಚಿ, ಬೀರು, ಎಲ್ಲ ಇದ್ದಲ್ಲೇ ಇರಲಿ."

ಅಷ್ಟು ಖಡಾಖಂಡಿತವಾಗಿ ಹೇಳಿ ಕೂತರು. ನನಗೆ ಒಳಗೊಳಗೇ ಸಮಾಧಾನವಾಯಿತು. ನನ್ನ ಮನಸ್ಸಿನಲ್ಲಿದ್ದದ್ದೂ ಹೆಚ್ಚು ಕಡಿಮೆ ಅದೇ. ಮೊದಲ ನಕ್ಷೆಯನ್ನು ಅವರ ಇಷ್ಟದಂತೆಯೇ ಬರೆದೆ. ಇಳಿಜಾರು ದಾರಿ, ಶೌಚಾಲಯ ಸೇರಿಸಿದೆ. ಮಾತಾಡುವ ಕೋಣೆಯನ್ನು ಬಿಟ್ಟೆ.

ಗ್ರಂಥಪಾಲಕಿ ಅದನ್ನು ಚಹಾದಂಗಡಿಯ ಗೋಡೆಗೆ ಅಂಟಿಸಿದಳು. ಒಂದು ವಾರ ಕಳೆದರೂ ಯಾರೂ ಏನೂ ಹೇಳಲಿಲ್ಲ. ಕೊನೆಗೆ ದುರಸ್ತಿ ಕೆಲಸ ವಹಿಸಿಕೊಂಡಿದ್ದ ಮೇಸ್ತ್ರಿಯೇ ಬಾಯಿಬಿಟ್ಟ. "ಅಕ್ಕಾ, ಈ ಗೆರೆಗಳು ನಿಮಗೂ ನನಗೂ ಅರ್ಥ ಆಗುತ್ತೆ. ಅವರಿಗೆ ರಂಗೋಲಿ ಇದ್ದಂಗಿದೆ. ನೆಲದ ಮೇಲೆ ಹಾಕಿ ತೋರಿಸೋಣ, ಒಳಗೆ ನಡೆದಾಡಿ ನೋಡ್ಲಿ."

ಒಂದು ಭಾನುವಾರ ಶಾಲೆಯ ಮೈದಾನದಲ್ಲಿ ಅವನು ದಾರ ಹಿಡಿದು, ಸುಣ್ಣದ ಪುಡಿ ಉದುರಿಸುತ್ತ ಗ್ರಂಥಾಲಯವನ್ನು ನಿಜವಾದ ಅಳತೆಯಲ್ಲೇ ಬರೆದ. ಗೋಡೆಗೆ ಜೋಡಿ ಗೆರೆ, ಬಾಗಿಲಿಗೆ ಜಾಗ, ಬೀರುಗಳಿಗೆ ಉದ್ದದ ಚೌಕಗಳು. ಈ ಸಲ ನಾನೂ ಗ್ರಂಥಪಾಲಕಿಯೂ ವಾದಿಸಿ, ಜಗಳವಾಡಿ, ದೊಡ್ಡ ಕೋಣೆಯನ್ನು ಎರಡು ಮಾಡಿ ಒಂದರಲ್ಲಿ ಮಾತಿಗೆ ಜಾಗ ಬಿಟ್ಟಿದ್ದೆವು. ಬೀರುಗಳನ್ನೂ ನಡುವೆ ಎಳೆದಿದ್ದೆವು.

ಬಿಸಿಲಿಳಿಯುವ ಹೊತ್ತಿಗೆ ಜನ ಬಂದರು. ನೋಡಲು ಚೆನ್ನಾಗಿತ್ತು. ಇಲ್ಲದ ಗೋಡೆಗಳಿಗೆ ಎಲ್ಲರೂ ಮರ್ಯಾದೆ ಕೊಟ್ಟರು. ಬಾಗಿಲಿನಿಂದಲೇ ಒಳಗೆ ಬಂದರು, ಬೀರುಗಳನ್ನು ಬಳಸಿ ನಡೆದರು. ಹೆಂಗಸೊಬ್ಬಳು ಶೌಚಾಲಯದ ಚೌಕದಲ್ಲಿ ನಿಂತು ಕೈ ಚಾಚಿ, "ಇಲ್ಲಿ ಬಕೆಟ್ ಇಟ್ಟರೆ ತಿರುಗಕ್ಕೆ ಜಾಗ ಇಲ್ಲ" ಎಂದಳು. ಅವಳು ಹೇಳಿದ್ದು ಸರಿ. ಮೇಸ್ತ್ರಿ ಕಾಲಿನಿಂದ ಆ ಗೆರೆ ಅಳಿಸಿ ಒಂದಡಿ ಆಚೆಗೆ ಹಾಕಿದ. ಪರೀಕ್ಷೆಯ ಹುಡುಗಿಯರು ತಮ್ಮ ಕೋಣೆಯಲ್ಲಿ ಕೂತು, ಪಕ್ಕದ ಕೋಣೆಯವರಿಗೆ ಮಾತಾಡಲು ಹೇಳಿ, ಎಲ್ಲ ಕೇಳಿಸುತ್ತೆ ಎಂದು ದೂರಿದರು. ಗೋಡೆಯೇ ಇಲ್ಲದಿರುವಾಗ ಕೇಳಿಸದೆ ಏನು ಎಂದು ಎಲ್ಲರೂ ನಕ್ಕರು.

ಆಗ ಮಾಮ ಬಂದರು. ಬಾಗಿಲಿನ ಜಾಗದಲ್ಲಿ ಒಂದು ಕ್ಷಣ ನಿಂತು, ನೇರ ನಡೆದರು. ಬೀರಿನ ಗೆರೆಯನ್ನು ದಾಟಿ, ಹೊಸ ಗೋಡೆಯನ್ನು ದಾಟಿ, ಸುಣ್ಣವನ್ನು ತುಳಿಯುತ್ತಲೇ ಹೋದರು. ಬದಲಾವಣೆ ಬೇಡವೆಂದವರು ಹೀಗೆ ಪ್ರತಿಭಟಿಸುತ್ತಿದ್ದಾರೆಂದು ಎಲ್ಲರೂ ಎಣಿಸಿದರು. ನನಗೂ ಹಾಗೇ ಅನ್ನಿಸಿ ಸ್ವಲ್ಪ ಸಿಟ್ಟು ಬಂತು. ಎಂಟು ಹೆಜ್ಜೆ ಇಟ್ಟು, ಎಡಕ್ಕೆ ತಿರುಗಿ, ಇನ್ನೆರಡು ಹೆಜ್ಜೆ ಇಟ್ಟು, ಹಳೆಯ ಗ್ರಂಥಾಲಯದಲ್ಲಿ ತಮ್ಮ ಕುರ್ಚಿ ಇದ್ದ ಜಾಗದಲ್ಲಿ ನಿಂತರು. ಆಮೇಲೆ ಬಲಗೈಯನ್ನು ಮುಂದೆ ಚಾಚಿ ಕುರ್ಚಿಯ ಬೆನ್ನನ್ನು ಹುಡುಕಿದರು. ಅಲ್ಲಿ ಬರಿಯ ಗಾಳಿಯಿತ್ತು. ಕೈಯನ್ನು ತಕ್ಷಣ ಹಿಂದಕ್ಕೆ ತೆಗೆದುಕೊಂಡು ಪಂಚೆಯ ಅಂಚು ಸರಿಮಾಡಿಕೊಂಡರು. ಅದನ್ನು ಕಂಡವಳು ನಾನೊಬ್ಬಳೇ ಇರಬೇಕು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು.

ಮರುದಿನ ಅವರ ಮನೆಗೆ ಹೋದೆ. ಅವರ ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದರು. ನಾನು ಸುತ್ತಿ ಬಳಸಲಿಲ್ಲ.

"ಮಾಮ, ಕಣ್ಣು ಎಷ್ಟು ದಿನದಿಂದ ಹೀಗಿದೆ?"

ಅವರು ಲೋಟವನ್ನು ಕೆಳಗಿಟ್ಟರು. "ಮೂರು ವರ್ಷ ಆಯ್ತು ಅಮ್ಮಣಿ. ಸುತ್ತ ಕಾಣುತ್ತೆ. ನಡುವೆ ಕಾಣಲ್ಲ. ನಿನ್ನ ನೋಡಿದ್ರೆ ಕಿವಿ ಓಲೆ ಕಾಣುತ್ತೆ, ಮುಖ ಇಲ್ಲ. ಕೊಯಮತ್ತೂರಲ್ಲಿ ತೋರಿಸ್ದೆ. ಹೋದದ್ದು ಬರಲ್ಲ ಅಂದ್ರು."

"ಮತ್ತೆ ದಿನಾ ಪೇಪರ್?"

"ಹಿಡ್ಕೊಂಡು ಕೂತಿರ್ತೀನಿ. ಪೇಪರ್ ಹಿಡ್ಕೊಂಡ್ರೆ ಯಾರೂ ಏನೂ ಕೇಳಲ್ಲ. ಆಚೆ ಈಚೆ ಇರೋರು ಸಮಾಚಾರ ಮಾತಾಡ್ತಾರಲ್ಲ, ಅದು ಸಾಕು." ಲೋಟ ಮತ್ತೆ ಎತ್ತಿಕೊಂಡು, "ನೀನು ಪುಟ ತಿರುಗ್ಸೋ ಸದ್ದು ಕೇಳಿ ನಾನೂ ತಿರುಗ್ಸ್ತಿದ್ದೆ" ಎಂದರು.

ಮೂರು ವರ್ಷ ನಾನು ಅವರೆದುರೇ ಕೂತಿದ್ದೆ. ಗ್ರಂಥಪಾಲಕಿಗೆ ಹೇಳಲೇ ಎಂದು ಕೇಳಿದೆ.

"ಬೇಡ" ಎಂದರು. "ಊರಿಗೆಲ್ಲ ಎಳುತ್ತು, ಅಕ್ಷರ, ಕಲಿಸಿದೋನು ನಾನು. ಇವತ್ತು ಬೇಡ."

ನಾನು ಮಾತು ಕೊಟ್ಟೆ. ಮನೆಗೆ ಬಂದು ಮೂರನೆಯ ನಕ್ಷೆಗೆ ಕೂತೆ. ಇದುವರೆಗೆ ಎಷ್ಟೋ ಗೋಡೌನು, ಎಷ್ಟೋ ಷೆಡ್ಡು ಬರೆದಿದ್ದೇನೆ. ಆ ದಿನ ರಾತ್ರಿಯ ಊಟದವರೆಗೆ ಕೂತು ಬರೆದ ನಕ್ಷೆಯಷ್ಟು ಎಚ್ಚರದಿಂದ ಯಾವುದನ್ನೂ ಬರೆದಿಲ್ಲ. ಓದುವ ಕೋಣೆಯನ್ನು ಒಡೆಯುವುದನ್ನು ಬಿಟ್ಟೆ. ಬಾಗಿಲು ಇದ್ದಲ್ಲೇ ಇರುತ್ತದೆ. ಕಿಟಕಿಯ ಮೇಜು ಬಾಗಿಲಿನಿಂದ ಎಂಟು ಹೆಜ್ಜೆ, ಎಡಕ್ಕೆ ಎರಡು. ಆ ದಾರಿಯುದ್ದಕ್ಕೂ ನುಣುಪು ಟೈಲ್ಸ್ ಬದಲು ಒರಟು ಕಡಪ ಕಲ್ಲಿನ ಪಟ್ಟಿ. ಚಪ್ಪಲಿ ಕಳಚಿ ಬರುವ ಪಾದಕ್ಕೆ ತಿಳಿಯುವಂತೆ. ಮಾತಾಡುವ ಕೋಣೆ ಎಲ್ಲಿ ಎಂಬುದೇ ಉಳಿದ ಪ್ರಶ್ನೆ. ಅದನ್ನು ಬಿಡಿಸಿದವನು ಮೇಸ್ತ್ರಿ. ಪೂರ್ವದ ಗೋಡೆಯಾಚೆ ಹಳೆಯ ಸೈಕಲ್ ನಿಲ್ಲಿಸುವ ಚಪ್ಪರವೊಂದಿತ್ತು. "ಅದನ್ನೇ ಕಟ್ಟಿಬಿಡೋಣ. ನಡುವೆ ಇರೋದು ಹಳೇ ಕಾಲದ ದಪ್ಪ ಗೋಡೆ. ಈಚೆ ಕೂಗಿದ್ರೆ ಆಚೆ ಕೇಳಲ್ಲ" ಎಂದ.

ಕಲ್ಲಿನ ಪಟ್ಟಿಯನ್ನು ತೋರಿಸಿದಾಗ ಅವನು, "ಇದ್ಯಾಕೆ ಅಕ್ಕಾ, ನಡುಮನೇಲಿ ಅಂಗಳದ ಕಲ್ಲು?" ಎಂದ. "ಹಾಕು" ಎಂದೆ. ಗ್ರಂಥಪಾಲಕಿ ನಕ್ಷೆಯ ಮೇಲೆ ಬೆರಳಿಟ್ಟು ಬಾಗಿಲಿನಿಂದ ಮೇಜಿನವರೆಗೆ ಆ ಪಟ್ಟಿಯನ್ನು ಒಮ್ಮೆ ನೇವರಿಸಿದಳು. ನನ್ನ ಮುಖ ನೋಡಿದಳು. ನಕ್ಷೆಯನ್ನು ಸುರುಳಿ ಸುತ್ತಿ ಎತ್ತಿಕೊಂಡಳು.

ಕೆಲಸ ನಿಧಾನವಾಗಿ ಸಾಗಿತು. ಮಳೆಗೆ ಒಮ್ಮೆ ನಿಂತಿತು, ಮೇಸ್ತ್ರಿಯ ಮಗಳ ಮದುವೆಗೆ ಒಮ್ಮೆ ನಿಂತಿತು. ಸೂರಿನ ಗಾರೆಯನ್ನೆಲ್ಲ ಕೆರೆದು, ತುಕ್ಕು ಹಿಡಿದ ಕಂಬಿಗಳನ್ನು ಉಜ್ಜಿ, ಹೊಸದಾಗಿ ಗಾರೆ ಮಾಡಿದರು. ಚಪ್ಪರದ ಜಾಗದಲ್ಲಿ ಎದ್ದ ಕೋಣೆಗೆ ಬೀದಿಯ ಕಡೆ ಇಟ್ಟಿಗೆಯ ಜಾಲಂದ್ರ ಬಿಟ್ಟು ಕಟ್ಟಿದರು. ಗಾಳಿ ಆಡುತ್ತದೆ, ದಾರಿಯಲ್ಲಿ ಹೋಗುವವರಿಗೆ ಒಳಗಿನ ಮಾತು ತುಣುಕು ತುಣುಕಾಗಿ ಕೇಳುತ್ತದೆ. ಗೋಣಿಚೀಲಗಳು ಮಂಟಪದಿಂದ ಮರಳಿ ಬಂದ ದಿನ ಗಿರಣಿಯ ಹೆಂಗಸರು ಪಾಳಿ ಮುಗಿಸಿ ಬಂದು ಪುಸ್ತಕದ ಧೂಳು ಒರೆಸಿಕೊಟ್ಟರು.

ತೆರೆದ ದಿನ ಪಂಚಾಯತಿಯವರು ಬಂದು ರಿಬ್ಬನ್ ಕತ್ತರಿಸಿ, ಅರ್ಧ ಗಂಟೆಯಲ್ಲಿ ಹೊರಟುಹೋದರು. ಊರವರು ಸಂಜೆಯವರೆಗೂ ಉಳಿದರು. ಚಹಾದಂಗಡಿಯ ಮುದುಕರು ಇಳಿಜಾರಿನಲ್ಲಿ ಮೇಲೆ ಬಂದು, ಮತ್ತೆ ಕೆಳಗಿಳಿದು, ಮತ್ತೆ ಮೇಲೆ ಬಂದರು. ಹುಡುಗಿಯರು ಪ್ಲಗ್ಗುಗಳನ್ನೆಲ್ಲ ಪರೀಕ್ಷಿಸಿ ನೋಡಿದರು. ಮಾಮ ಬರಲಿಲ್ಲ.

ಅವರು ಬಂದದ್ದು ಮೂರನೆಯ ದಿನ, ಜನವಿಲ್ಲದ ಮಧ್ಯಾಹ್ನ. ನಾನು ಮೇಜಿನಲ್ಲೇ ಇದ್ದೆ, ಏಳಲಿಲ್ಲ. ಹೊಸ್ತಿಲ ಬಳಿ ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಇಟ್ಟು ತಡೆದರು. ಪಾದವನ್ನು ಕಲ್ಲಿನ ಮೇಲೆ ಒಮ್ಮೆ ಎಳೆದು ನೋಡಿದರು. ಆಮೇಲೆ ಸರಾಗವಾಗಿ ನಡೆದು ಬಂದು ಕುರ್ಚಿಯ ಬೆನ್ನು ಹಿಡಿದು ಕೂತರು.

"ನೆಲ ಒರಟಾಗೈತೆ" ಎಂದರು.

"ಹೌದು ಮಾಮ."

"ಚೆನ್ನಾಗೈತೆ" ಎಂದು ಪತ್ರಿಕೆ ಬಿಡಿಸಿದರು.

ಬುಧವಾರ ಮಧ್ಯಾಹ್ನ ಓದಿ ಹೇಳುವುದೆಂದು ಗ್ರಂಥಪಾಲಕಿ ನಿಶ್ಚಯಿಸಿದ್ದಳು. ಮೊದಲ ವಾರಗಳಲ್ಲಿ ಅವಳೇ ತಮಿಳಿನ ಕಥೆಗಳನ್ನು ಓದಿದಳು. ಹಾಲಿನ ಅಜ್ಜಿ ಬಂದಳು, ತನ್ನ ಜತೆಗೆ ಇನ್ನೂ ನಾಲ್ಕೈದು ಹೆಂಗಸರನ್ನು ಕರೆತಂದಳು. ನಂತರದ ಒಂದು ಬುಧವಾರ ಗ್ರಂಥಪಾಲಕಿ ಕೊಯಮತ್ತೂರಿಗೆ ಕಚೇರಿ ಕೆಲಸಕ್ಕೆ ಹೋಗಬೇಕಾಗಿ ಬಂದು, ನನ್ನನ್ನು ಓದಲು ಹೇಳಿ ಹೋದಳು. ಅಂದು ಬಂದವರನ್ನು ನೋಡಿದೆ. ಎಲ್ಲರೂ ನಮ್ಮವರೇ, ಮನೆಯಲ್ಲಿ ಕನ್ನಡ ಆಡುವವರು. ನನಗೆ ಏನನ್ನಿಸಿತೋ, ಮನೆಗೆ ಹೋಗಿ ಅಮ್ಮನ ಪೆಟ್ಟಿಗೆಯಲ್ಲಿದ್ದ ಕನ್ನಡದ ಕಾದಂಬರಿಯೊಂದನ್ನು ತಂದೆ. ರಟ್ಟೂ ಮೊದಲ ಪುಟಗಳೂ ಹೋಗಿದ್ದ ಪುಸ್ತಕ. ಅದರ ಹೆಸರು ನನಗೂ ಗೊತ್ತಿಲ್ಲ.

ನೋಟ್‌ಬುಕ್ ಹಿಡಿದು ಊರು ಸುತ್ತುವಾಗ ನಾನು ನನಗಾಗಿ ಏನನ್ನೂ ಬರೆದಿರಲಿಲ್ಲ. ಕನ್ನಡ ಪುಸ್ತಕ ಬೇಕೆಂದು ಬರೆಯುವ ಮನಸ್ಸಾಗಿತ್ತು. ಓದುವವಳು ಒಬ್ಬಳೇ, ಒಬ್ಬಳಿಗಾಗಿ ಯಾಕೆ ಕೇಳುವುದೆಂದು ಸುಮ್ಮನಾಗಿದ್ದೆ. ಅಂದು ಎರಡು ಪುಟ ಓದುವಷ್ಟರಲ್ಲಿ ನನ್ನ ಲೆಕ್ಕ ತಪ್ಪೆಂದು ತಿಳಿಯಿತು. ಓದಲು ಬಾರದಿರುವುದಕ್ಕೂ ಬೇಡದಿರುವುದಕ್ಕೂ ಇರುವ ವ್ಯತ್ಯಾಸ ನನಗೆ ತಿಳಿದಿರಲಿಲ್ಲ. ಪುಸ್ತಕದ ಭಾಷೆ ಅವರಿಗೆ ಅಲ್ಲಲ್ಲಿ ಹೊಸದಾಗಿತ್ತು. "ಅಂದ್ರೆ?" ಎಂದು ತಡೆದು ಕೇಳಿದರು. "ಅದು ನಮ್ಮಾಯಿ ಹೇಳ್ತಿದ್ದ ಮಾತು" ಎಂದು ಒಬ್ಬಾಕೆ ತನ್ನಷ್ಟಕ್ಕೆ ಹೇಳಿಕೊಂಡಳು.

ಆ ಹೊತ್ತಿಗೆ ಬಾಗಿಲಲ್ಲಿ ಮಾಮ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತರು. ಹೆಂಗಸರು ಸರಿದು ಜಾಗ ಕೊಟ್ಟರು. ನಾನು ಓದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರು ಕೈಯೆತ್ತಿದರು.

"ಆ ಕೆರೆ ಬಗ್ಗೆ ಇರೋ ಸಾಲು ಇನ್ನೊಂದ್ ಸಲ ಓದು ಅಮ್ಮಣಿ. ಈ ಎಳುತ್ತು ಗೊತ್ತಿದ್ದಿದ್ರೂ ನಾನಾಗಿ ತಿರುಗಿ ನೋಡಕ್ಕಾಗ್ತಿರ್ಲಿಲ್ಲ. ನಂಗೆ ಕಣ್ಣು ಹೋಗೈತೆ."

ಮಳೆ ಬರಬಹುದು ಎನ್ನುವಷ್ಟೇ ಸಲೀಸಾಗಿ ಹೇಳಿದರು. ಅಜ್ಜಿ ಅವರ ಕಡೆ ತಿರುಗಿ, "ನಂಗೆ ಕಣ್ಣಿದ್ದೂ ಅಂಗೇ ವಾದ್ಯಾರೇ. ಅವ್ಳು ಓದ್ತಾಳೆ ಬುಡಿ" ಎಂದಳು.

ನಾನು ಆ ಸಾಲನ್ನು ಮತ್ತೆ ಓದಿದೆ.

ಅಂದಿನಿಂದ ಎರಡು ಬುಧವಾರಕ್ಕೊಮ್ಮೆ ಕನ್ನಡ. ಪರೀಕ್ಷೆಯ ಹುಡುಗಿಯರು ಈಗಲೂ ದೂರು ಕೊಡುತ್ತಾರೆ, ನಮ್ಮ ಮಾತಿನ ಬಗ್ಗೆ ಅಲ್ಲ, ಓದುವ ಕೋಣೆಯ ಫ್ಯಾನಿನ ಕಿರಿಕಿರಿ ಸದ್ದಿನ ಬಗ್ಗೆ. ಮಾಮ ಬೆಳಿಗ್ಗೆ ಪತ್ರಿಕೆ ಬಿಡಿಸುವುದನ್ನು ಬಿಟ್ಟಿದ್ದಾರೆ. ಯಾರಾದರೂ ಓದಿ ಹೇಳುತ್ತಾರೆ, ಅವರು ಉಚ್ಚಾರ ತಿದ್ದುತ್ತಾರೆ. ಕೆಲವರು ತಿದ್ದಿಸಿಕೊಳ್ಳಲಿಕ್ಕೆಂದೇ ಓದುತ್ತಾರೆಂದು ನನ್ನ ಗುಮಾನಿ.

ಕಳೆದ ಐಪ್ಪಸಿ ತಿಂಗಳ ಮಳೆಯಲ್ಲಿ ಒಂದು ಬುಧವಾರ ಬೆಳಗಿನಿಂದ ಬಿಡದೆ ಸುರಿಯಿತು. ಯಾರೂ ಬರಲಾರರೆಂದು ನಾನು ಕೋಣೆಯ ಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ಅಜ್ಜಿ ಬಂದಳು. ತಲೆಗೆ ಪ್ಲಾಸ್ಟಿಕ್ ಚೀಲ ಮಡಚಿ ಹಾಕಿಕೊಂಡು, ಸೀರೆಯ ಅಂಚು ಹಿಂಡುತ್ತ ಬೆಂಚಿನ ಮೇಲೆ ಕೂತಳು. ನಾನು ಕಾದಂಬರಿ ತೆಗೆದು ಗುರುತಿಟ್ಟಿದ್ದ ಪುಟ ಬಿಡಿಸಿದೆ.

"ಅದು ಬ್ಯಾಡ" ಎಂದಳು. "ಅವ್ರೆಲ್ಲ ಇಲ್ದೆ ನಾವ್ ಮುಂದುಕ್ ಹೋಗ್ಬಾರ್ದು. ಬೇರೆ ಏನಾದ್ರೂ ಓದು."

ಪುಸ್ತಕ ಮುಚ್ಚಿಟ್ಟು, ಆಚೆ ಹೋಗಿ ಆ ದಿನದ ಪತ್ರಿಕೆ ತಂದೆ. ಮಳೆಯ ಸುದ್ದಿ, ತೆಂಗಿನ ಕಾಯಿಲೆಯೊಂದಕ್ಕೆ ಹೊಸ ಔಷಧಿಯ ಸುದ್ದಿ ಓದಿದೆ. ತಮಿಳಿನಲ್ಲಿದ್ದದ್ದನ್ನು ಓದುತ್ತಲೇ ಕನ್ನಡ ಮಾಡಿ ಹೇಳಿದೆ. ಅವಳು ಔಷಧಿಯ ಹೆಸರನ್ನು ಎರಡು ಸಲ ಹೇಳಿಸಿಕೊಂಡು, ಬಾಯಲ್ಲೇ ಉರುಹೊಡೆದು, ಮಳೆ ಸ್ವಲ್ಪ ಇಳಿದ ಮೇಲೆ ಹಾಲು ಕರೆಯುವ ಹೊತ್ತಾಯಿತೆಂದು ಎದ್ದು ಹೋದಳು.